ಮೂವತ್ತು ಜೀವ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕಂತೆ. ನಮ್ಮ ಬೀದಿಯಲ್ಲಿ ಒಬ್ಬರಿಗೆ ಅಂಚೆಚೀಟಿಯ ಹುಚ್ಚು. ಇನ್ನೊಬ್ಬರಿಗೆ ಸಂಗೀತ ಕಚೇರಿಯ ಹುಚ್ಚು. ಇಂಥವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಹಾಗಲ್ಲ. ನಲವತ್ತರ ಹೊಸ್ತಿಲಲ್ಲಿ ನಿಂತ ಗೃಹಸ್ಥನೊಬ್ಬ, 'ನನಗೆ ವಿಡಿಯೋ ಗೇಮೆಂದರೆ ಪ್ರಾಣ. ಟೀವಿಯಲ್ಲಿ ಅಂತರಿಕ್ಷ ನೌಕೆ ಹಾರಿದರೆ ಊಟ ಬೇಡ' ಎಂದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ಮರುಕದಿಂದ ನನ್ನ ಹೆಂಡತಿಯ ಮುಖ ನೋಡುತ್ತಾರೆ.

ಈ ಹುಚ್ಚು ಹತ್ತಿದ್ದು ನಾಗಮಂಗಲದಲ್ಲಿ. ನಮ್ಮ ತಂದೆ ಹೈಸ್ಕೂಲಿನ ಗಣಿತದ ಮೇಷ್ಟರು. ವರ್ಗವಾದ ಊರಿಗೆಲ್ಲ ನಮ್ಮ ಟ್ರಂಕು, ಒರಳುಕಲ್ಲು, ಕಪ್ಪು-ಬಿಳುಪು ಟೀವಿ ಇವಿಷ್ಟೂ ಲಾರಿ ಹತ್ತುತ್ತಿದ್ದುವು. 1998ರಲ್ಲಿ ದೂರದರ್ಶನದಲ್ಲಿ 'ಕ್ಯಾಪ್ಟನ್ ವ್ಯೋಮ್' ಬಂತು. ಕೇತನ್ ಮೆಹ್ತಾ ಅದರ ನಿರ್ದೇಶಕರು. ಮಿಲಿಂದ್ ಸೋಮನ್ ನಾಯಕ. ಸೆರೆಮನೆಯಿಂದ ತಪ್ಪಿಸಿಕೊಂಡ ಘೋರ ಅಪರಾಧಿಗಳನ್ನು ಗ್ರಹಗ್ರಹಾಂತರಗಳಲ್ಲಿ ಹುಡುಕಿ ಹಿಡಿಯುವುದು ಕತೆ. ಅದಕ್ಕೂ ಮುಂಚೆ, ಎಂಬತ್ತರ ದಶಕದಲ್ಲಿ, ಅಮೆರಿಕದ 'ಸ್ಟಾರ್ ಟ್ರೆಕ್' ಬರುತ್ತಿತ್ತಂತೆ. ಆ ಭಾಗ್ಯ ನನ್ನ ಪಾಲಿಗೆ ಇರಲಿಲ್ಲ. ನನಗೆ ವ್ಯೋಮನೇ ಸರ್ವಸ್ವ. ಹಿಂದಿ ಅರ್ಧ ತಿಳಿಯುತ್ತಿತ್ತು. ಇನ್ನರ್ಧ ಹೊತ್ತು ಕರೆಂಟು ಇರುತ್ತಿರಲಿಲ್ಲ. ಹೀಗಾಗಿ ಕಾಲುಭಾಗ ಕತೆ ನೋಡಿ ಮುಕ್ಕಾಲು ಭಾಗ ನಾನೇ ಕಟ್ಟಿ, ಮರುದಿನ ಸೌಮ್ಯಕೇಶವ ದೇವಾಲಯದ ಹತ್ತಿರ ಗೆಳೆಯರಿಗೆ ಹೇಳುತ್ತಿದ್ದೆ. ನಮ್ಮ ತಂದೆ ಆ ಹೊತ್ತಿನಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಅರ್ಧ ಗಂಟೆ ಪುಟ ಮಗುಚುತ್ತಿರಲಿಲ್ಲ ಎಂಬುದನ್ನು ಆಗಲೇ ನಾನು ಗಮನಿಸಿದ್ದೆ.

ಮುಂದಿನ ವರ್ಗ ಕೃಷ್ಣರಾಜಪೇಟೆಗೆ. ಅಲ್ಲಿ ಒಂದು ಗಲ್ಲಿಯಲ್ಲಿ ನಾಲ್ಕು ಟೀವಿ ಇಟ್ಟ ವಿಡಿಯೋ ಗೇಮಿನ ಅಂಗಡಿ. ಅರ್ಧ ಗಂಟೆಗೆ ಐದು ರೂಪಾಯಿ. ಜಪಾನಿನ ಕೊನಾಮಿ ಕಂಪನಿಯ 'ಕಾಂಟ್ರಾ' ಆಟ ಅಲ್ಲಿತ್ತು. ಕಾಡಿನಲ್ಲಿ ಓಡಬೇಕು, ಗುಂಡು ಹಾರಿಸಬೇಕು. ಕಾಲಡಿಯ ಸೇತುವೆ ಸಿಡಿಯುತ್ತದೆ. ಹಂತದ ಕೊನೆಯಲ್ಲಿ ಒಂದು ಕೋಟೆಗೋಡೆ. ಆಟಗಾರನಿಗೆ ಮೂರೇ ಜೀವ. ಆದರೆ ಆಟ ಮೊದಲಾಗುವಾಗ 'ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ' ಎಂದು ಗುಂಡಿಗಳನ್ನು ಒತ್ತಿದರೆ ಮೂವತ್ತು ಜೀವ! ಮಗ್ಗಿ ಬಾರದ ಹುಡುಗರ ಬಾಯಲ್ಲೂ ಈ ಮಂತ್ರ ಇತ್ತು.

ರಾಗಿ ಬೀಸಿಸಲು ಅಮ್ಮ ಕೊಟ್ಟ ದುಡ್ಡು ಒಂದು ದಿನ ಈ ಮಂತ್ರಕ್ಕೆ ಆಹುತಿಯಾಯಿತು. ರಾಗಿಯ ಚೀಲವನ್ನು ಕಾಲಬಳಿ ಇಟ್ಟುಕೊಂಡು ಆಡುತ್ತಿದ್ದೆ. ಬೆನ್ನ ಹಿಂದೆ ಯಾರೋ ನಿಂತಂತಾಯಿತು, ತಿರುಗಿದರೆ ತಂದೆ! ಅಂಗಡಿಯವನು ಎದ್ದು ನಿಂತು, "ನಾನೇನು ಕರೆದಿಲ್ಲ ಸಾ, ಅವ್ನೇ ಬತ್ತಾನೆ" ಎಂದ. ಗಾಬರಿಯಲ್ಲಿ ನನ್ನ ಸಿಪಾಯಿ ಸತ್ತ. ಸತ್ತವನು ಮತ್ತೆ ಆಕಾಶದಿಂದ ಇಳಿದ. ತಂದೆ ಅದನ್ನೇ ನೋಡುತ್ತ, "ಎಷ್ಟು ಸಾರಿ ಏಳುತ್ತಾನೋ ಇವನು?" ಎಂದರು. ಮೂವತ್ತು ಎಂದೆ. ಹೊಡೆತ ಬೀಳಲಿಲ್ಲ. ಚೀಲವನ್ನು ಅವರೇ ಹೊತ್ತರು. ದಾರಿಯಲ್ಲಿ ಒಂದೇ ಮಾತು: "ರಾಗಿ ದುಡ್ಡು ಮುಟ್ಟಬೇಡ ಕಣೋ. ಬೇಕಾದರೆ ನನ್ನ ಕೇಳು."

ಅಲ್ಲಿಂದ ಶ್ರೀರಂಗಪಟ್ಟಣ. ಒಂದು ಸಂಜೆ ಕೋಟೆಯ ಮೇಲೆ ತಿರುಗಾಡುವಾಗ ಅವರೆಂದರು: "ನಿನ್ನ ವ್ಯೋಮ ಬರುವುದಕ್ಕೆ ಇನ್ನೂರು ವರ್ಷ ಮುಂಚೆಯೇ ಇಲ್ಲಿ ರಾಕೆಟ್ಟು ಹಾರಿದೆ." ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಗಳಕ್ಕೆ ಕಟ್ಟಿ ಹಾರಿಸುತ್ತಿದ್ದರು. ಕಬ್ಬಿಣವಾದ್ದರಿಂದ ಒಳಗಿನ ಒತ್ತಡ ತಡೆದುಕೊಂಡು ದೂರ ಹೋಗುತ್ತಿತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ತಮ್ಮ ದೇಶಕ್ಕೆ ಒಯ್ದರು. ಕಾಂಗ್ರೀವನೆಂಬವನು ಅವನ್ನು ನೋಡಿ ತನ್ನ ರಾಕೆಟ್ಟು ಮಾಡಿದ. ಅಮೆರಿಕದ ನಾಸಾ ಸಂಸ್ಥೆಯ ವಾಲಪ್ಸ್ ಕೇಂದ್ರದಲ್ಲಿ ಈ ಯುದ್ಧದ ಚಿತ್ರವೊಂದನ್ನು ಕಂಡುದಾಗಿ ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನನಗೆ ಮೈ ಜುಮ್ಮೆಂದಿತು. ತಂದೆಯ ಯೋಚನೆಯೇ ಬೇರೆ: "ಮೊದಲನೆಯ ಕೊಳವೆ ಕೈಯಲ್ಲೇ ಸಿಡಿದಿರಬೇಕು. ಆ ಕಮ್ಮಾರನಿಗೆ ಮೂವತ್ತು ಜೀವ ಎಲ್ಲಿತ್ತು?"

ನಿವೃತ್ತರಾಗಿ ಅವರು ನೆಲಸಿದ್ದು ಪಾಂಡವಪುರದಲ್ಲಿ. ಒಂದು ಕಾಲಕ್ಕೆ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ, ಹಾಗಾಗಿ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡ ಊರು. ದಿನವೂ ಕುಂತಿಬೆಟ್ಟದ ಕಡೆ ನಡೆದು ಬರುತ್ತಿದ್ದವರಿಗೆ 2016ರಲ್ಲಿ ಲಕ್ವ ಹೊಡೆದು ಬಲಗೈ ಸೋತಿತು. ಬೆರಳು ಆಡಿಸುತ್ತಿರಬೇಕೆಂದು ಡಾಕ್ಟರು ಹೇಳಿದರು. ರಬ್ಬರು ಚೆಂಡು ಕೊಟ್ಟರೆ ಬೇಸರದಿಂದ ಎಸೆದರು. ನಾನು ಮೈಸೂರಿನಿಂದ ಹಳೆಯ ಮಾದರಿಯ ಗೇಮು ತಂದು ಟೀವಿಗೆ ಜೋಡಿಸಿದೆ. ಓಡಿಸುವುದು ಎಡ ಹೆಬ್ಬೆರಳು. ನೆಗೆಯುವುದೂ ಗುಂಡು ಹಾರಿಸುವುದೂ ಬಲ ಹೆಬ್ಬೆರಳು. ಅವರಿಗೆ ಕಾಣದಂತೆ ಮಂತ್ರ ಒತ್ತಿ ಕೈಗೆ ಕೊಟ್ಟೆ. ಸತ್ತರು, ಎದ್ದರು, ಮತ್ತೆ ಸತ್ತರು. ಲೆಕ್ಕದ ಮೇಷ್ಟರಲ್ಲವೆ, ಎಣಿಸುತ್ತಿದ್ದರು. ನಾಲ್ಕನೆಯ ಸಾರಿ ಎದ್ದಾಗ ನಿಲ್ಲಿಸಿ, "ಇದು ಮೂವತ್ತರದ್ದೇನೋ?" ಎಂದರು.

ಒಪ್ಪಿಕೊಂಡೆ. ಈ ಗುಟ್ಟನ್ನು ಮೊದಲು ಇಟ್ಟವನು ಕಜುಹಿಸ ಹಾಶಿಮೊಟೊ ಎಂಬ ಜಪಾನೀಯ; 1986ರ 'ಗ್ರೇಡಿಯಸ್' ಆಟ ತಯಾರಿಸುವಾಗ ಅದು ಅವನಿಗೇ ಕಷ್ಟವಾಗಿ ಹೀಗೆ ಮಾಡಿಕೊಂಡ ಎಂದು ಸಮಾಧಾನ ಹೇಳಿದೆ. ತಂದೆ ತೊದಲುತ್ತ, "ಪ್ರಶ್ನೆಪತ್ರಿಕೆ ತೆಗೆದವನಿಗೇ ಉತ್ತರ ಬಾರದಿದ್ದರೆ ಅದು ಅವನ ಕರ್ಮ. ನಾನೇಕೆ ಕಾಪಿ ಹೊಡೆಯಲಿ? ಮೂರೇ ಕೊಡು" ಎಂದರು.

ನಾಲ್ಕು ತಿಂಗಳು, ದಿನಕ್ಕೆ ಒಂದು ಗಂಟೆ. ಸೇತುವೆ ದಾಟಲು ಒಂದು ತಿಂಗಳು ಹಿಡಿಯಿತು. ಒಂದು ಭಾನುವಾರ ಒಳಗಿನಿಂದ ಕೂಗಿದರು: "ಬಾರೋ, ಕೋಟೆ ಒಡೆದೆ!" ಓಡಿ ಹೋದೆ. ಬಲ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆ ನಡುಗುತ್ತಿತ್ತು. ಅದೇ ವಾರ ಅವರು ಬಲಗೈಯಲ್ಲೇ ಅನ್ನ ಕಲಸಿದರು. ಆಟದಿಂದಲೇ ಎಂದು ನಾನು ಹೇಳಲಾರೆ. ಔಷಧವೂ ಇತ್ತು, ಅಮ್ಮನ ಎಣ್ಣೆಯೂ ಇತ್ತು.

ಎರಡನೆಯ ಹಂತದಲ್ಲಿ ಅವರು ಹೆಚ್ಚು ದೂರ ಹೋಗಲಿಲ್ಲ. 2019ರಲ್ಲಿ ತೀರಿಕೊಂಡರು.

ಆ ಗೇಮು ಈಗ ನನ್ನ ಮನೆಯಲ್ಲಿದೆ. ಆಟ ಮೊದಲಾಗುವಾಗ ಹೆಬ್ಬೆರಳು ಅಭ್ಯಾಸಬಲದಿಂದ 'ಮೇಲೆ ಮೇಲೆ' ಎಂದು ಹೊರಡುತ್ತದೆ, ತಡೆದುಕೊಳ್ಳುತ್ತೇನೆ. ನಿನ್ನೆ ಸಂಜೆಯೂ ಮೂರು ಜೀವ ಎಂಟು ನಿಮಿಷದಲ್ಲಿ ಮುಗಿದುವು. ಹೆಂಡತಿ ಊಟಕ್ಕೆ ಕರೆದಳು.

"ಇನ್ನೊಂದೇ ಸಾರಿ" ಎಂದೆ.