ಬಫರ್ ಸೋಲುವವರೆಗೆ

ಪ್ರನಾಳದಲ್ಲಿರುವುದು ಫೆರಿಕ್ ಕ್ಲೋರೈಡ್. ನೀರು ಬೆರೆಸಿ ತೆಳು ಮಾಡಿರುವುದರಿಂದ ಹಳದಿ ಇದೆಯೋ ಇಲ್ಲವೋ ಎನ್ನುವಷ್ಟು. ಅದಕ್ಕೆ ಬಣ್ಣವೇ ಇಲ್ಲದ ಪೊಟ್ಯಾಸಿಯಂ ಥಯೋಸಯನೇಟ್ ಎರಡು ಹನಿ ಬಿಡುತ್ತೀರಿ. ಹನಿ ಬಿದ್ದಲ್ಲಿ ಕೆಂಪು ಏಳುತ್ತದೆ. ಪ್ರನಾಳ ಅಲುಗಿಸುವಷ್ಟರಲ್ಲಿ ಇಡೀ ದ್ರಾವಣ ರಕ್ತಗೆಂಪು.

ಪಕ್ಕದಲ್ಲಿರುವ ಬಿಎಸ್ಸಿ ಹುಡುಗ ರೆಕಾರ್ಡ್ ಪುಸ್ತಕ ತೆರೆದಾಗಿದೆ. "ಮೇಡಂ, ರಿಯಾಕ್ಷನ್ ಮುಗೀತು."

"ಎಲ್ಲಿ ಮುಗೀತಪ್ಪ? ನಡೀತಾನೇ ಇದೆ. ಆಕ್ಸಾಲಿಕ್ ಆಸಿಡ್ ಹಾಕು, ಗೊತ್ತಾಗುತ್ತೆ."

ಅವನು ಹಾಕುತ್ತಾನೆ. ಕೆಂಪು ಇಳಿಯತೊಡಗುತ್ತದೆ. ಆಕ್ಸಾಲಿಕ್ ಆಮ್ಲ ಕಬ್ಬಿಣದ ಅಯಾನುಗಳನ್ನು ತನ್ನತ್ತ ಸೆಳೆದುಕೊಂಡಿದೆ. ಆ ಕೊರತೆ ತುಂಬಲು ಕೆಂಪು ಸಂಯುಕ್ತ ಒಡೆಯುತ್ತಿದೆ. ಇನ್ನಷ್ಟು ಥಯೋಸಯನೇಟ್ ಸುರಿದರೆ ಕೆಂಪು ಮತ್ತೆ ಏರುತ್ತದೆ. ಹೊರಗಿನಿಂದ ಆದ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೇ ಸಮತೋಲನ ಸರಿಯುತ್ತದೆಂದು ಫ್ರಾನ್ಸಿನ ಲ ಶಾಟೆಲಿಯೆ 1884ರಲ್ಲಿ ಹೇಳಿದ್ದು ಇದನ್ನೇ. ಬಣ್ಣ ನಿಂತಂತೆ ಕಂಡಾಗಲೂ ಒಳಗೆ ಕೂಡುವುದು, ಬಿಡುವುದು ಒಂದೇ ವೇಗದಲ್ಲಿ ಸಾಗಿರುತ್ತದೆ. ಇದನ್ನು ಕಣ್ಣಾರೆ ನೋಡದೆ ಬಫರ್ ಪಾಠಕ್ಕೆ, ಅಂದರೆ ಆಮ್ಲ ಬಿದ್ದರೂ ತನ್ನ ಆಮ್ಲೀಯತೆಯನ್ನು ಹೆಚ್ಚು ಬದಲಾಗಲು ಬಿಡದ ದ್ರಾವಣದ ಪಾಠಕ್ಕೆ, ಹೋಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಿಟಕಿಯ ಬದಿಯ ಮೇಜಿಗೆ ಬನ್ನಿ, ಪಿಎಚ್ ಮೀಟರ್ ಅಲ್ಲಿದೆ. ಎಲೆಕ್ಟ್ರೋಡಿನ ತುದಿಯ ಗಾಜಿನ ಗುಳ್ಳೆ ಬಹಳ ತೆಳು, ಬೀಕರಿನ ತಳಕ್ಕೆ ತಾಗಿಸಬೇಡಿ. ಪಿಎಚ್ 4 ಮತ್ತು 7ರ ದ್ರಾವಣಗಳಲ್ಲಿ ಮೊದಲು ಮೀಟರನ್ನು ಸರಿಹೊಂದಿಸಿ, ವಾಶ್ ಬಾಟಲಿಯಿಂದ ಎಲೆಕ್ಟ್ರೋಡ್ ತೊಳೆದು, ಟಿಶ್ಯೂ ಕಾಗದಕ್ಕೆ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಪಿಎಚ್ ಎಂಬ ಅಳತೆಗೋಲು ಹುಟ್ಟಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದ ಸೊರೆನ್ಸೆನ್‌ಗೆ ಆಮ್ಲೀಯತೆಯನ್ನು ಸಣ್ಣ ಅಂಕಿಯಲ್ಲಿ ಬರೆಯುವ ದಾರಿ ಬೇಕಿತ್ತು. ಈ ಗೋಲಿನಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದು ಅರ್ಥ.

ಮೊದಲ ಬೀಕರಿನಲ್ಲಿ 50 ಮಿಲಿ ಡಿಸ್ಟಿಲ್ಡ್ ವಾಟರ್. ಪುಸ್ತಕದಲ್ಲಿ 7 ಎಂದಿದ್ದರೂ ಮೀಟರ್ 6ಕ್ಕಿಂತ ಕೆಳಗೆ ತೋರಿಸುತ್ತ ಅಲ್ಲಾಡುತ್ತಿದೆ. ಮೀಟರ್ ಕೆಟ್ಟಿಲ್ಲ, ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕುಡಿದು ಕುಳಿತಿದೆ. ಬ್ಯುರೆಟ್ಟಿನಿಂದ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಒಂದೇ ಒಂದು ಮಿಲಿ ಬಿಡಿ. ಅಂಕಿ ಒಮ್ಮೆಲೇ 2.7ರ ಹತ್ತಿರಕ್ಕೆ ಬಂದು ಬೀಳುತ್ತದೆ. ನೀರಿಗೆ ತಡೆದುಕೊಳ್ಳಲು ಏನೂ ಇಲ್ಲ.

ಎರಡನೆಯ ಬೀಕರಿನಲ್ಲಿರುವುದು ಬಫರ್, ಅದರಿಂದ ವಿನೆಗರಿನ ಹುಳಿ ವಾಸನೆ ಬರುತ್ತಿದೆ. 0.2 ಮೋಲಾರ್ ಅಸಿಟಿಕ್ ಆಮ್ಲ 25 ಮಿಲಿ, ಅಷ್ಟೇ ಸಾಂದ್ರತೆಯ ಸೋಡಿಯಂ ಅಸಿಟೇಟ್ 25 ಮಿಲಿ. ಲೆಕ್ಕದಲ್ಲಿ ಬರುವುದು 4.76, ಮೀಟರ್ ತೋರಿಸುವುದು 4.65ರ ಆಸುಪಾಸು, ಏಕೆಂದರೆ ದ್ರಾವಣದಲ್ಲಿ ಕಿಕ್ಕಿರಿದ ಅಯಾನುಗಳು ಪರಸ್ಪರ ಸೆಳೆತದಲ್ಲಿರುತ್ತವೆ, ಸರಳ ಸೂತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಆಮ್ಲ, ಅದೇ ಒಂದು ಮಿಲಿ ಬಿಡಿ. ಕೊನೆಯ ಅಂಕಿ ಎರಡು ಮನೆ ಇಳಿದು ನಿಲ್ಲುತ್ತದೆ. ಹುಡುಗ ಬೀಕರ್ ಅಲುಗಿಸಿ ಮತ್ತೆ ನೋಡುತ್ತಾನೆ. ಅಷ್ಟೇ. ಬಂದ ಹೈಡ್ರೋಜನ್ ಅಯಾನುಗಳನ್ನೆಲ್ಲ ಅಸಿಟೇಟ್ ಹಿಡಿದು ಅಸಿಟಿಕ್ ಆಮ್ಲವಾಗಿಸಿದೆ. ನಮ್ಮ ರಕ್ತದ ಪಿಎಚ್ ಅನ್ನು 7.35ರಿಂದ 7.45ರ ನಡುವೆ ಕಾಯುವುದರಲ್ಲಿ ಬೈಕಾರ್ಬನೇಟ್ ಮಾಡುವ ಕೆಲಸವೂ ಇದೇ ಬಗೆಯದು. ಅಲ್ಲಿ ಶ್ವಾಸಕೋಶ, ಮೂತ್ರಪಿಂಡಗಳೂ ಕೈಜೋಡಿಸುತ್ತವೆ.

ಬಹುಪಾಲು ವಿದ್ಯಾರ್ಥಿಗಳು ಇಲ್ಲಿಗೆ ಬ್ಯುರೆಟ್ ಮುಚ್ಚುತ್ತಾರೆ. ನೀವು ಮುಚ್ಚಬೇಡಿ.

10 ಮಿಲಿ, 15, 20. ಅಂಕಿ ನಿಧಾನವಾಗಿ ಜಾರುತ್ತಿದೆ. 25 ಮಿಲಿಗೆ ಅರ್ಧದಷ್ಟು ಅಸಿಟೇಟ್ ಖರ್ಚಾಗಿದೆ, ಆದರೂ ಮೀಟರ್ ಇನ್ನೂ 4ರ ಮೇಲೆಯೇ ಇದೆ. "ಗಟ್ಟಿ ಇದೆ ಕಣೋ ಇದು," ಎನ್ನುತ್ತಾಳೆ ಹುಡುಗನ ಜೊತೆಗಾತಿ. 40 ದಾಟಿದ ಮೇಲೆ ಪ್ರತಿ ಮಿಲಿಗೂ ಅಂಕಿ ದೊಡ್ಡ ಹೆಜ್ಜೆ ಹಾಕುತ್ತದೆ. 45ಕ್ಕೆ ಸುಮಾರು 3.4. 50 ತಲುಪುವಾಗ 3ರ ಕೆಳಗೆ. ಬೀಕರಿನಲ್ಲಿದ್ದ 5 ಮಿಲಿಮೋಲ್ ಅಸಿಟೇಟ್‌ಗೆ ಎದುರಾಗಿ ಸರಿಯಾಗಿ 5 ಮಿಲಿಮೋಲ್ ಆಮ್ಲ ಬಂದಿದೆ. ಇನ್ನು ಹಿಡಿಯುವವರು ಯಾರೂ ಉಳಿದಿಲ್ಲ.

ಈ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಬಫರಿನ ಸಾಮರ್ಥ್ಯವೆಂದರೇನು, ಅದರ ಮಿತಿ ಎಲ್ಲಿದೆ ಎಂಬುದು ಗೆರೆಯಲ್ಲೇ ಕಾಣುತ್ತದೆ; ಸೂತ್ರ ಬಾಯಿಪಾಠ ಮಾಡಿದವರಿಗೆ ಇದು ದಕ್ಕುವುದು ಕಷ್ಟ. ಪ್ರಾಯೋಗಿಕ ತರಗತಿ ನಡೆಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದೇ ವಿನಂತಿ: ಒಂದು ಮಿಲಿಗೆ ನಿಲ್ಲಿಸಬೇಡಿ. ಆಮ್ಲ ಅಗ್ಗ, ಇನ್ನರ್ಧ ಗಂಟೆ ಕೊಡಿ. ಬಫರ್ ಸೋಲುವುದನ್ನು ಮಕ್ಕಳು ತಮ್ಮ ಕೈಯಾರೆ ಮಾಡಿ ನೋಡಲಿ.