ಪಿ.ಬಿ. ರೋಡಿನ ಇಳಿಜಾರುಗಳು, ಅಪ್ಪನ ಪದ್ಮಿನಿ

ಧಾರವಾಡದಿಂದ ಪುಣೆಗೆ ಬರುವ ದಾರಿಯಲ್ಲಿ ಬ್ರೇಕಿಗೆ ಪರೀಕ್ಷೆ ಇಡುವ ಜಾಗಗಳು ಮೂರು. ಸಂಕೇಶ್ವರ ದಾಟಿ ನಿಪ್ಪಾಣಿಗೆ ಇಳಿಯುವ ತವಂದಿ ಘಾಟ್ ಮೊದಲನೆಯದು. ಸಾತಾರಾ ಬಿಟ್ಟ ಮೇಲೆ ಖಂಬಾಟ್ಕಿಯ ಸುರಂಗದಿಂದ ಹೊರಬಿದ್ದ ಕೂಡಲೇ ಹಾವಿನಂತೆ ಹೊರಳುವ ಇಳಿತ ಎರಡನೆಯದು. ಮೂರನೆಯದರ ಹೆಸರು ಪುಣೆಯಲ್ಲಿರುವ ನಮಗೆಲ್ಲ ಬಾಯಿಪಾಠ: ಕಾತ್ರಜ್ ಹೊಸ ಸುರಂಗದಿಂದ ನವಲೆ ಪೂಲ್‌ವರೆಗಿನ ಇಳಿಜಾರು. ಊರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರು ಇಲ್ಲಿ ಎಚ್ಚರಾಗಿ ಚಪ್ಪಲಿ ಹುಡುಕುತ್ತಿರುತ್ತಾರೆ. ಸ್ವಂತ ಗಾಡಿಯಲ್ಲಿ ಬರುವವರು ಕನ್ನಡಿಯಲ್ಲಿ ಹಿಂದಿನ ಲಾರಿಯನ್ನು ನೋಡುತ್ತಿರುತ್ತಾರೆ.

ನೋಡಲೇಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟ ಲಾರಿಯ ಬ್ರೇಕು ಕಾಯ್ದು, ಕೆಳಗೆ ಬರುವಷ್ಟರಲ್ಲಿ ಕೈಕೊಟ್ಟಿರುತ್ತದೆ. 2022ರ ನವೆಂಬರಿನಲ್ಲಿ ಒಂದೇ ಲಾರಿ ಇಲ್ಲಿ ಹತ್ತಾರು ವಾಹನಗಳನ್ನು ಜಜ್ಜಿತ್ತು. ಆಮೇಲೆ ರಂಬಲರ್ ಪಟ್ಟಿ, ವೇಗಮಿತಿ, ಕ್ಯಾಮೆರಾ ಎಲ್ಲ ಬಂದವು. ಅಪಘಾತ ಮಾತ್ರ ನಿಂತಿಲ್ಲ.

ಈ ದಾರಿಯಲ್ಲಿ ನಾನು ಮೂರು ತಿಂಗಳಿಗೊಮ್ಮೆ ಓಡಿಸುವುದು ಅಪ್ಪನ 1988ರ ಪ್ರೀಮಿಯರ್ ಪದ್ಮಿನಿ. ಶೋಕಿಗಲ್ಲ. ಅಮ್ಮನ ಚಿಕಿತ್ಸೆ ಪುಣೆಯಲ್ಲಿ ನಡೆದಿದೆ. ಅವಳಿಗೆ ಬಸ್ಸಿನ ಕುಲುಕಾಟ ಆಗದು. ನನ್ನ ಹೊಸ ಕಾರಿನಲ್ಲಿ ಕಿಟಕಿ ಏರಿಸಿ ಎಸಿ ಹಾಕಿದರೆ, "ಹೊಟ್ಟಿ ತೊಳಸ್ತೈತೋ ತಮ್ಮಾ" ಎಂದು ಕಿತ್ತೂರಿಗೇ ನಿಲ್ಲಿಸುತ್ತಾಳೆ. ಪದ್ಮಿನಿಯ ಅಗಲ ಸೀಟು, ಮುಂದಿನ ಸಣ್ಣ ತ್ರಿಕೋನ ಗಾಜಿನಿಂದ ಬರುವ ಗಾಳಿ, ಅಪ್ಪನ ಅದೇ ಹಳೇ ದಿಂಬು ಇದ್ದರೆ 400 ಕಿಲೋಮೀಟರಿಗೂ ಹೆಚ್ಚು ದಾರಿ ಸುಮ್ಮನೆ ಕೂರುತ್ತಾಳೆ.

ತೊಂದರೆ ಇದ್ದದ್ದು ನಾಲ್ಕೂ ಗಾಲಿಯ ಡ್ರಮ್ ಬ್ರೇಕಿನಲ್ಲಿ. ಡ್ರಮ್ ಅಂದರೆ ಮುಚ್ಚಿದ ಡಬ್ಬಿ. ಒಳಗಿನ ಶೂಗಳು ಅಗಲವಾಗಿ ಡ್ರಮ್ಮಿನ ಗೋಡೆಗೆ ಒತ್ತುತ್ತವೆ, ಹುಟ್ಟಿದ ಕಾವಿಗೆ ಬೇಗ ಹೊರಹೋಗಲು ದಾರಿ ಇಲ್ಲ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಆಗ ಪೆಡಲು ನೆಲದತ್ತ ಇಳಿಯುತ್ತ ಹೋಗುತ್ತದೆ. ನವಲೆ ಇಳಿಜಾರಿನ ಅರ್ಧಕ್ಕೆ ನನ್ನ ಕಾಲಿಗೆ ಇದು ಚೆನ್ನಾಗಿ ಗೊತ್ತಾಗುತ್ತಿತ್ತು. ಡಿಸ್ಕ್ ಬೇರೆ ಥರ. ಅದು ಗಾಳಿಯಲ್ಲೇ ತಿರುಗುತ್ತದೆ, ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಗಾಲಿಗಳದ್ದೇ. ಹಾಗಾಗಿ ಮುಂದಿನ ಎರಡಕ್ಕೆ ಡಿಸ್ಕ್ ಹಾಕಿಸೋಣ ಅಂದೆ.

ಅಪ್ಪ ಒಪ್ಪಲಿಲ್ಲ. "ಮೂವತ್ತು ವರ್ಷ ಓಡಿಸೇನಿ. ಒಮ್ಮೆರ ನಿಲ್ಲದ ಹೋಗೇತೇನು?"

ಹೋಗಿಲ್ಲ, ನಿಜ. ಆದರೆ ಅಪ್ಪ ಓಡಿಸಿದ್ದು ಎರಡು ಲೇನಿನ ಪಿ.ಬಿ. ರೋಡಿನಲ್ಲಿ. ಮುಂದಿನ ಅಂಬಾಸಿಡರಿಗೂ ಹಿಂದಿನ ಲಾರಿಗೂ ಇದ್ದದ್ದು ಇಂಥದೇ ಬ್ರೇಕು. ಎಲ್ಲರೂ ನಿಧಾನ, ಎಲ್ಲರೂ ಅಷ್ಟೇ ದೂರ ಬಿಟ್ಟು ಓಡಿಸುವವರು. ಈಗ ನನ್ನ ಮುಂದಿರುವ ಕಾರಿಗೆ ಎಬಿಎಸ್ ಇದೆ, ಅದು ನಿಂತಲ್ಲಿ ನಿಂತುಬಿಡುತ್ತದೆ. ನಾನು ದೂರ ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬ ಬಂದು ತೂರುತ್ತಾನೆ. ಗಾಡಿ ಹಾಗೇ ಇದೆ, ರಸ್ತೆ ಬದಲಾಗಿದೆ ಅಂದೆ. "ಹಂಗಾರ ರಸ್ತೆ ರಿಪೇರಿ ಮಾಡಸು" ಅಂದರು.

ಕೊನೆಗೆ ಒಪ್ಪಿಸಿದ್ದು ಅಮ್ಮ. ಹೇಗೆ ಅಂತ ನಾನು ಕೇಳಲಿಲ್ಲ.

ಕೆಲಸ ಹಿಡಿದ ಉಸ್ತಾದ್ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಹುಡುಗನಾಗಿದ್ದಾಗ ಪುಣೆಗೆ ಬಂದವರು, ಗಿರಾಕಿಗಳ ಜೊತೆ ಮರಾಠಿ, ಸ್ಪ್ಯಾನರಿನ ಜೊತೆ ಕನ್ನಡ. ಅವರು ಮೊದಲು ಹೇಳಿದ್ದು: "ಸರ, ಡಿಸ್ಕ್ ಕೂಡ್ಸೂದು ದೊಡ್ಡ ಮಾತಲ್ಲ. ಕೂಡಿಸಿದ ಮ್ಯಾಗ ಹಿಂದಿನ ಗಾಲಿ ಏನ್ ಮಾಡ್ತಾವ ಅನ್ನೂದು ಮಾತು."

ಅವರ ಮೊದಲ ಸಲಹೆ, ಪ್ರೀಮಿಯರ್‌ನದೇ 118 ಎನ್‌ಇ ಕಾರಿನ ಮುಂದಿನ ಡಿಸ್ಕ್ ಸಾಮಾನು ಸಿಕ್ಕರೆ ನೋಡಿ ಎಂದು. ಅದಕ್ಕಾಗಿ ಒಂದು ಶನಿವಾರ ಡೆಕ್ಕನ್ ಕ್ವೀನ್ ಹಿಡಿದು ದಾದರಿಗೆ, ಅಲ್ಲಿಂದ ಲೋಕಲ್ಲಿನಲ್ಲಿ ಕುರ್ಲಾಕ್ಕೆ ಹೋದೆ. ಪದ್ಮಿನಿಯ ತವರೇ ಕುರ್ಲಾ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಇಲ್ಲಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು, ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದೂ ಇದೇ ಮನುಷ್ಯ. ಈಗ ಕಾರ್ಖಾನೆ ಇಲ್ಲ, ಆ ಹೆಸರಿನ ಪ್ರೀಮಿಯರ್ ರೋಡ್ ಇದೆ. ಅದರ ಉದ್ದಕ್ಕೂ ನಡೆದೆ. ಒಂದು ಪದ್ಮಿನಿಯೂ ಕಾಣಲಿಲ್ಲ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ ಅಲ್ಲಿ ಇಪ್ಪತ್ತು ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಮುಗಿಯುವಾಗ ಕಾಳೀಪೀಲಿ ಪದ್ಮಿನಿಯ ಕಾಲವೂ ಮುಗಿಯಿತು.

ಹಳೇ ಸಾಮಾನಿನ ಅಂಗಡಿಗಳಲ್ಲಿ 118 ಎನ್‌ಇ ಕ್ಯಾಲಿಪರ್ ಜೋಡಿಯೊಂದು ಸಿಕ್ಕಿತು. ಪಿಸ್ಟನ್ನಿಗೆ ತುಕ್ಕು ಹಿಡಿದಿತ್ತು. ಅಂಗಡಿಯವರು "ಪಾಲಿಶ್ ಮಾಡಿದರೆ ನಡೆಯುತ್ತದೆ" ಅಂದರು. ನನ್ನ ಅಭಿಪ್ರಾಯ ಇಷ್ಟೇ: ಹಳೇ ಕಾರಿಗೆ ಹಳೇ ಡೋರ್ ಹ್ಯಾಂಡಲ್, ಹಳೇ ಮೀಟರು ಹಾಕಿ, ಬ್ರೇಕಿಗೆ ಬೇಡ. ಬರಿಗೈಯಲ್ಲಿ, ಒಂದು ವಡಾಪಾವ್ ತಿಂದು ವಾಪಸು ಬಂದೆ.

ಆಮೇಲೆ ಪುಣೆಯ ನಾನಾ ಪೇಠೆಯಲ್ಲಿ ಈಗಿನ ಒಂದು ಸಣ್ಣ ಕಾರಿನ ಹೊಸ ಡಿಸ್ಕು, ಹೊಸ ಕ್ಯಾಲಿಪರ್ ಕೊಂಡೆವು. ಇನ್ನೂ ದೊಡ್ಡದು ಬೇಕೆಂಬ ಆಸೆ ನನ್ನದು. ಆದರೆ ಅಳತೆ ಹೇಳುವುದು ರಿಮ್ಮು. ಪದ್ಮಿನಿಯದು 14 ಇಂಚಿನ ಗಾಲಿ, ಅದರೊಳಗೆ ಕ್ಯಾಲಿಪರಿನ ಗೂನೂ ಹಿಡಿಯಬೇಕು. ಉಸ್ತಾದ್ ಮನೆಯಿಂದ ಕಣಕ ತರಿಸಿ ಕ್ಯಾಲಿಪರಿನ ಬೆನ್ನಿಗೆ ಅಂಟಿಸಿ, ಗಾಲಿ ಹಾಕಿ ತಿರುಗಿಸಿ, ಎಷ್ಟು ಅದುಮಿತು ಎಂದು ನೋಡಿದರು. ಸುಮಾರು 240 ಮಿ.ಮೀ. ಡಿಸ್ಕಿಗೆ ಲೆಕ್ಕ ನಿಂತಿತು.

ಕ್ಯಾಲಿಪರನ್ನು ಹಿಡಿಯುವ ಬ್ರಾಕೆಟ್ಟಿಗೆ ಉಸ್ತಾದ್ ಎರಡು ದಿನ ಹಾಕಿದರು. ಬ್ರೇಕ್ ಒತ್ತಿದಾಗ ಗಾಲಿಯ ಎಳೆತವೆಲ್ಲ ಬೀಳುವುದು ಈ ತುಂಡಿನ ಮೇಲೆ. ಅದಕ್ಕೆ ವೆಲ್ಡಿಂಗ್ ಬೇಡವೆಂದು ದಪ್ಪ ಉಕ್ಕಿನ ತಗಡಿನಲ್ಲಿ ಒಂದೇ ತುಂಡಾಗಿ ಕೊರೆಸಿ, ಡ್ರಮ್ಮಿನ ಹಿಂಬದಿಯ ಪ್ಲೇಟು ಕೂರುತ್ತಿದ್ದ ಹಳೇ ಬೋಲ್ಟ್ ತೂತುಗಳಿಗೇ ಕೂಡಿಸಿದರು. ಮೂಲ ಗಾಡಿಯಲ್ಲಿ ಎಲ್ಲೂ ಹೊಸ ತೂತು ಕೊರೆಯಬಾರದು, ನಾಳೆ ಡ್ರಮ್ ಬೇಕೆಂದರೆ ಮರಳಿ ಕೂರಬೇಕು. ಇದು ಅಪ್ಪನ ಷರತ್ತು.

ಡಿಸ್ಕ್ ಹಾಕಿದರೆ ಅಲ್ಲಿಗೇ ಮುಗಿಯುವುದಿಲ್ಲ ಎನ್ನುವುದನ್ನು ಇಂಥ ಕೆಲಸ ಯೋಚಿಸುತ್ತಿರುವವರು ತಿಳಿದಿರಲಿ. ಡ್ರಮ್ಮಿನಲ್ಲಿ ಗಾಲಿ ತಿರುಗುವಾಗ ತಾನೇ ಶೂವನ್ನು ಒಳಗೆಳೆದುಕೊಂಡು ಅರ್ಧ ಕೆಲಸ ಮಾಡಿಕೊಡುತ್ತದೆ. ಡಿಸ್ಕಿಗೆ ಆ ಉಪಕಾರಬುದ್ಧಿ ಇಲ್ಲ, ಒತ್ತಡ ಪೂರ್ತಿ ನಾವೇ ಕೊಡಬೇಕು. ಹಾಗಾಗಿ ಎಂಜಿನ್ನಿನ ನಿರ್ವಾತದಿಂದ ನಡೆಯುವ ಬೂಸ್ಟರ್ ಬಂತು. ಕ್ಯಾಲಿಪರಿಗೆ ಹೆಚ್ಚು ಆಯಿಲ್ ಬೇಕು, ಅದಕ್ಕೆ ಬೇರೆ ಮಾಸ್ಟರ್ ಸಿಲಿಂಡರ್. ಅದರಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಪ್ರತ್ಯೇಕ ದಾರಿ, ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಡಿಸ್ಕಿನಷ್ಟೇ ಧೈರ್ಯ ನನಗೆ ಇದರಿಂದಲೂ ಬಂತು. ಇನ್ನು ಉಸ್ತಾದ್ ಹೇಳಿದ ಹಿಂದಿನ ಗಾಲಿ. ಬೂಸ್ಟರಿನ ಬಲ ಹಿಂದಿನ ಡ್ರಮ್ಮುಗಳಿಗೂ ಹೋಗಿ ಅವು ಮೊದಲು ಕಚ್ಚಿಕೊಂಡರೆ, ಗಾಡಿ ಬಾಲ ತಿರುಗಿಸಿ ಅಡ್ಡಡ್ಡ ನಿಲ್ಲುತ್ತದೆ. ಆ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿ, ಭಾನುವಾರ ನಸುಕಿನಲ್ಲಿ ಖಾಲಿ ರಸ್ತೆಯಲ್ಲಿ 40ರ ವೇಗದಿಂದ ಮತ್ತೆ ಮತ್ತೆ ಒತ್ತಿ, ಮುಂದಿನವೇ ಮೊದಲು ಕಚ್ಚುವವರೆಗೆ ವಾಲ್ವ್ ತಿರುಗಿಸಿದೆವು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪುವಂಥ ಬದಲಾವಣೆ ಮಾಡುವಂತಿಲ್ಲ. ನಮ್ಮ ಆರ್‌ಸಿಯಲ್ಲಿ ಬ್ರೇಕಿನ ಬಗೆ ಬರೆದಿಲ್ಲ. ಆದರೂ ವಿಮೆಯವರಿಗೆ ಫೋಟೋ, ಬಿಲ್ಲು ಸಮೇತ ಪತ್ರ ಬರೆದು ಉತ್ತರ ಪಡೆದಿಟ್ಟುಕೊಂಡಿದ್ದೇನೆ. ಒಟ್ಟು ಖರ್ಚು 38 ಸಾವಿರ. ಗಾಡಿಯ ಈಗಿನ ಬೆಲೆಗೆ ಹೋಲಿಸಿದರೆ ಹುಚ್ಚು ಅನ್ನಿಸಬಹುದು.

ಕಳೆದ ಸಲ ಅಮ್ಮನನ್ನು ಕರೆತರುವಾಗ ಮೂರೂ ಇಳಿಜಾರು ಹೊಸ ಬ್ರೇಕಿನಲ್ಲಿ ಇಳಿದೆ. "ಏರೂ ಗೇರಿನಾಗ ಇಳೀಬೇಕು" ಎಂಬ ಅಪ್ಪನ ನಿಯಮ ಬಿಡಲಿಲ್ಲ, ಡಿಸ್ಕ್ ಇದ್ದರೂ ಎಂಜಿನ್ನೇ ಮೊದಲ ಬ್ರೇಕು. ಕಾತ್ರಜ್ ಸುರಂಗ ದಾಟಿದ ಮೇಲೆ ರಂಬಲರ್ ಪಟ್ಟಿಗಳ ಮೇಲೆ ಗಡಗಡ ಇಳಿಯುತ್ತಿದ್ದಾಗ ಮುಂದಿನ ಟೆಂಪೋ ಒಮ್ಮೆಲೇ ನಿಂತಿತು. ಒತ್ತಿದೆ. ಪೆಡಲು ಮೇಲೇ ಇತ್ತು, ಗಾಡಿ ನೇರವಾಗಿ ನಿಂತಿತು, ನಡುವೆ ಒಂದು ಸ್ಕೂಟರ್ ನಿಲ್ಲಿಸುವಷ್ಟು ಜಾಗ ಉಳಿದಿತ್ತು. ಹಿಂದೆ ದಿಂಬಿಗೆ ಒರಗಿದ್ದ ಅಮ್ಮ ಕಣ್ಣು ಬಿಟ್ಟು, "ಪೂಲ್ ಬಂತೇನು?" ಅಂದಳು.

ಅವಳನ್ನು ಧಾರವಾಡಕ್ಕೆ ಬಿಡಲು ಹೋದಾಗ ಅಪ್ಪ ಕೀಲಿ ಇಸಿದುಕೊಂಡು ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಗೋಣಿಚೀಲದಲ್ಲಿ ಕಟ್ಟಿ ತಂದಿದ್ದ ಹಳೇ ಡ್ರಮ್ಮುಗಳನ್ನು ಬಿಚ್ಚಿ ಎಣಿಸಿ, ಗ್ರೀಸ್ ಸವರಿ, ಅಟ್ಟಕ್ಕೆ ಏರಿಸಲು ಹೇಳಿದರು. ಬ್ರೇಕಿನ ಬಗ್ಗೆ ಮಾತಾಡಿದ್ದು ಊಟಕ್ಕೆ ಕೂತಾಗ.

"ನಿಲ್ತೈತಿ. ಆದರ ಹಿಂದ ಬರಾವ ನಿಲ್ಲಬೇಕಲ್ಲೋ. ಹಿಂದಿನ ಲೈಟು ಮಿಣುಕು ಹುಳದಂಗ ಅದಾವು. ಅವನ್ನೂ ಮಾಡಸು."

ಉಸ್ತಾದರಿಗೆ ಆಗಲೇ ಫೋನ್ ಮಾಡಿದ್ದಾರಂತೆ.