ಗಾಳಿಯಲ್ಲಿ ನಿಂತ ಎತ್ತು

ರಾಮಥಾಳದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಊರಿಗೆ ಹೋದಾಗಲೆಲ್ಲ "ಏನ್ ಕಲತಿ, ತೋರಸು" ಎಂಬ ಆಯಿಯ ಪ್ರಶ್ನೆ ತಪ್ಪಿದ್ದಲ್ಲ. ಓದಿದ ಇತಿಹಾಸವನ್ನು ತೋರಿಸುವುದೆಂತು? ಮಣ್ಣೆತ್ತಿನ ಅಮಾವಾಸ್ಯೆಗೆ ಹೋದಾಗ ಒಂದು ಉಪಾಯ ಹೊಳೆಯಿತು.

1862ರಲ್ಲಿ ಲಂಡನ್ನಿನಲ್ಲಿ ಪೆಪ್ಪರ್ ಎಂಬ ಮಹಾಶಯರು ಓರೆಯಾಗಿ ನಿಲ್ಲಿಸಿದ ಗಾಜಿನಿಂದ ರಂಗದ ಮೇಲೆ ಭೂತವನ್ನು ತೋರಿಸಿ ಜನರನ್ನು ಬೆರಗುಗೊಳಿಸಿದರು. ಆ ಯುಕ್ತಿಗೆ ಇಂದು ಒಂದು ಮೊಬೈಲು ಸಾಕು. ಪಾರದರ್ಶಕ ಪ್ಲಾಸ್ಟಿಕ್ಕಿನ ನಾಲ್ಕು ತುಂಡುಗಳನ್ನು ಆಲಿಕೆಯಂತೆ ಅಂಟಿಸಿ, ಕಿರಿಬಾಯಿ ಕೆಳಗಾಗಿ ಪರದೆಯ ಮೇಲಿಡಬೇಕು. 45 ಡಿಗ್ರಿ ಓರೆಯ ಆ ತುಂಡುಗಳು ಕೆಳಗಿನ ಚಿತ್ರವನ್ನು ನಮ್ಮ ಕಣ್ಣಿನತ್ತ ತಿರುಗಿಸುತ್ತವೆ. ಚಿತ್ರ ನಡುವೆ ತೇಲಿದಂತೆ ಕಾಣುತ್ತದೆ. ಕತ್ತಲೆ ಮಾತ್ರ ಬೇಕು, ಏಕೆಂದರೆ ಪ್ಲಾಸ್ಟಿಕ್ಕು ಬೆಳಕಿನ ಅಲ್ಪ ಪಾಲನ್ನಷ್ಟೇ ಮರಳಿಸುತ್ತದೆ.

ಅಪ್ಪ ಮಾಡಿದ ಮಣ್ಣೆತ್ತಿನ ಮುಖವನ್ನು ನಾಲ್ಕು ಮಗ್ಗುಲಿಗೂ ಇಟ್ಟು ದೀಪ ಆರಿಸಿದೆ. ಅವ್ವ, ತಮ್ಮ, ಆಯಿ ಸುತ್ತ ಕುಳಿತರು. ಆಯಿ ಎದ್ದು ಅವ್ವನ ಕಡೆಯೂ ನೋಡಿ ಬಂದಳು.

"ಅಕೀಗೂ ಮುಖ, ನನಗೂ ಮುಖ! ಎತ್ತಿಗೆ ಬಾಲ ಇಲ್ಲೇನೋ?"

ನಾನು ಪೆಚ್ಚಾದೆ. ದಿಲ್ಲಿಯ ಇಂಡಿಯಾ ಗೇಟಿನ ಬಳಿ 2022ರ ಜನವರಿ 23ರಂದು ಬೆಳಕಿನಿಂದ ಮೂಡಿಸಿದ 28 ಅಡಿಯ ನೇತಾಜಿಯವರದೂ ತೆಳುಪರದೆಯ ಮೇಲಿನ ಚಿತ್ರವೇ, ಅದಕ್ಕೆ ಬೆನ್ನೆಲ್ಲಿಯದು? ಅದೇ ವರ್ಷ ಸೆಪ್ಟೆಂಬರ್ 8ರಂದು ಮೈಸೂರಿನ ಅರುಣ್ ಯೋಗಿರಾಜರ ತಂಡ ಕಡೆದ ಕಲ್ಲಿನ ಮೂರ್ತಿ ಬಂದಾಗಲೇ ಬೆನ್ನೂ ಬಂದಿತು.

ಮರುದಿನ ಎತ್ತಿನ ನಾಲ್ಕು ಮಗ್ಗುಲುಗಳನ್ನೂ ಬೇರೆ ಬೇರೆ ತೆಗೆದೆ. ಅವ್ವನಿಗೆ ಮುಖ, ಆಯಿಗೆ ಬಾಲ. ಆದರೆ ಪಕ್ಕದಲ್ಲಿದ್ದ ತಮ್ಮ ತಕರಾರು ತೆಗೆದ: "ಇದರ ಮುಖ ಆಯಿ ಕಡೆ ಐತಲ್ಲ!" ಪ್ರತಿಬಿಂಬದಲ್ಲಿ ಎಡಬಲ ಅದಲುಬದಲಾಗುವುದನ್ನು ಈ ಪದವೀಧರನಾಗಲಿರುವವನು ಮರೆತಿದ್ದ! ಚಿತ್ರಗಳನ್ನು ಮೊದಲೇ ತಿರುವಿಟ್ಟ ಮೇಲೆ ಮೂವರೂ ನೋಡುತ್ತಿದ್ದುದು ಒಂದೇ ಎತ್ತಾಯಿತು. ಮೂಲೆಯಿಂದ ನೋಡಿದರೆ ಅದು ಈಗಲೂ ಒಡೆದೇ ಕಾಣುತ್ತದೆ. ಮಗ್ಗುಲುಗಳು ನಾಲ್ಕಕ್ಕಿಂತ ಹೆಚ್ಚಾಗಬೇಕು.

ನನ್ನ ಓದಿನ ಮಾತು ಬಂದರೆ ಅಪ್ಪ ಹೊಸ್ತಿಲಿನಾಚೆಯೇ ನಿಲ್ಲುವವರು. ಅಂದೂ ಅಲ್ಲಿಂದಲೇ ಬಗ್ಗಿ, "ನಾಲ್ಕೆತ್ತು ಕಾಲು ಕೂಡಿಸಿ ಬಿದ್ದಾವಲ್ಲೋ" ಎಂದರು. ನಿಂತವರಿಗೆ ಕಾಣುವುದು ಕೆಳಗಿನ ಮೊಬೈಲಷ್ಟೆ.

"ಕೆಳಗ ಕುಂದ್ರು, ಕಾಣತೈತಿ" ಎಂದು ಆಯಿ ಸರಿದು ಜಾಗ ಕೊಟ್ಟಳು.

ಅಪ್ಪ ಕುಳಿತರು. ಬಹಳ ಹೊತ್ತು ನೋಡಿ, "ಹಿಂಗಾಲಿಗೆ ಬಿರುಕು ಬಿಟ್ಟೈತಿ. ಮಣ್ಣು ಹದಾ ಆಗಿದ್ದಿಲ್ಲ" ಎಂದರು.